ವಿದೇಶದಲ್ಲಿ ವೀಸಾ ಅವಧಿ ಮೀರದಂತೆ ನೋಡಿಕೊಳ್ಳುವುದು ಹೇಗೆ, ಮೀರಿದರೆ ಏನು ಮಾಡಬೇಕು?

ಸಿಂಗಪುರದಲ್ಲಿ ಕೊಟ್ಟ ಅವಧಿ ಮುಗಿದ ಮೇಲೆ 90 ದಿನಕ್ಕಿಂತ ಜಾಸ್ತಿ ಉಳಿದುಕೊಂಡ ಗಂಡಸಿಗೆ ಆರು ತಿಂಗಳವರೆಗೆ ಜೈಲು. ಜೊತೆಗೆ ಕಡಿಮೆ ಅಂದ್ರೂ ಮೂರು ಬೆತ್ತದೇಟು. ಶಾಲೆಯಲ್ಲಿ ಮೇಷ್ಟ್ರು ಅಂಗೈಗೆ ಕೊಡುತ್ತಿದ್ದ ಏಟನ್ನು ನೆನೆಸಿಕೊಳ್ಳಬೇಡಿ. ಬೆತ್ತದ ದಪ್ಪ 1.27 ಸೆಂಟಿಮೀಟರ್ ಮೀರಬಾರದು ಅಂತ ಕಾನೂನಿನಲ್ಲೇ ಬರೆದಿದ್ದಾರೆ, ಅಂದರೆ ಅಷ್ಟು ದಪ್ಪ ಇರಬಹುದು. ಕೈದಿಯನ್ನು ಚೌಕಟ್ಟಿಗೆ ಕಟ್ಟುತ್ತಾರೆ. ಪಕ್ಕದಲ್ಲಿ ವೈದ್ಯರು ನಿಂತಿರುತ್ತಾರೆ. ಇವತ್ತೊಂದು ನಾಳೆಯೊಂದು ಅಂತ ಕಂತಿನಲ್ಲಿ ಕೊಡುವ ಹಾಗಿಲ್ಲ, ಎಲ್ಲ ಏಟೂ ಒಂದೇ ಸಲಕ್ಕೆ. ಹೆಂಗಸರಿಗೆ ಮತ್ತು 50 ದಾಟಿದ ಗಂಡಸರಿಗೆ ಬೆತ್ತ ಇಲ್ಲ. ಅವರಿಗೆ ಅದರ ಬದಲು 6,000 ಸಿಂಗಪುರ ಡಾಲರ್‌ವರೆಗೆ ದಂಡ.

ಪಕ್ಕದ ಮಲೇಷ್ಯಾದಲ್ಲೂ ಹಾಗೆಯೇ. ಅನುಮತಿ ಇಲ್ಲದೆ ಒಳಗೆ ಬಂದವರಿಗೆ 10,000 ರಿಂಗಿಟ್‌ವರೆಗೆ ದಂಡ, ಐದು ವರ್ಷದವರೆಗೆ ಜೈಲು ಅಥವಾ ಎರಡೂ. ಅದರ ಮೇಲೆ ಆರರವರೆಗೆ ಬೆತ್ತದೇಟು ಬೀಳಬಹುದು.

ಇಂಥ ಸುದ್ದಿ ಓದಿದಾಗ ‘ಅದೆಲ್ಲ ಕಳ್ಳದಾರಿಯಲ್ಲಿ ಹೋಗುವವರ ಪಾಡು, ನಮಗೇನು’ ಅನ್ನಿಸುತ್ತದೆ, ಅಲ್ವಾ? ಆದರೆ ಸರಿಯಾದ ವೀಸಾ ಹಿಡಿದು ಹೋದವರೂ ಸಿಕ್ಕಿಬೀಳುತ್ತಾರೆ. ದಿನ ಎಣಿಸುವುದರಲ್ಲಿ ತಪ್ಪಿರುತ್ತಾರೆ, ಇಲ್ಲವೇ ಏಜೆಂಟ್ ಹೇಳಿದ ಮಾತನ್ನು ನಂಬಿರುತ್ತಾರೆ. ಇಮಿಗ್ರೇಷನ್ ಕೌಂಟರಿನಲ್ಲಿ ‘ಗೊತ್ತಿರಲಿಲ್ಲ ಸಾರ್’ ಅನ್ನುವ ಮಾತಿಗೆ ಬೆಲೆಯಿಲ್ಲ. ಹಾಗಾಗಿ ಟಿಕೆಟ್ ತೆಗೆಯುವ ಮೊದಲಿನಿಂದ ವಾಪಸ್ ಬರುವವರೆಗೆ ಏನೇನು ನೋಡಿಕೊಳ್ಳಬೇಕು ಅಂತ ಒಂದೊಂದಾಗಿ ಹೇಳುತ್ತೇನೆ.

1. ಹೊರಡುವ ಮೊದಲು: ವೀಸಾ ಯಾವ ಕೆಲಸಕ್ಕೆ?

ಪಾಸ್‌ಪೋರ್ಟ್ ತೆಗೆದು ಅದರ ಕೊನೆಯ ತಾರೀಖು ನೋಡಿ. ಇನ್ನೂ ಆರು ತಿಂಗಳು ಬಾಕಿ ಇರಬೇಕು ಅಂತ ಬಹಳಷ್ಟು ದೇಶಗಳು ಕೇಳುತ್ತವೆ. ಖಾಲಿ ಪುಟಗಳೂ ಇರಲಿ.

ಆಮೇಲೆ ವೀಸಾದ ಬಗೆ ನೋಡಿ. ಪ್ರವಾಸಿ ವೀಸಾ ಅಂದರೆ ತಿರುಗಾಡಲು ಮಾತ್ರ. ‘ಮೊದಲು ಟೂರಿಸ್ಟ್ ವೀಸಾದಲ್ಲಿ ಹೋಗು, ಅಲ್ಲಿ ಹೋದ ಮೇಲೆ ವರ್ಕ್ ಪರ್ಮಿಟ್ ಮಾಡಿಸೋಣ’ ಅಂತ ಯಾರಾದರೂ ಹೇಳಿದರೆ ಅಲ್ಲಿಗೇ ನಿಲ್ಲಿಸಿ. ಸಂಬಳ ಕೊಡುವವರು ಅವರೇ ಇರಬಹುದು, ಪೊಲೀಸರು ಬಂದಾಗ ಕೈಗೆ ಕೋಳ ಬೀಳುವುದು ನಿಮಗೆ.

ಇದರ ಅತಿ ಕೆಟ್ಟ ರೂಪ ಥಾಯ್ಲೆಂಡ್ ಮತ್ತು ಮ್ಯಾನ್ಮಾರ್ ಗಡಿಯಲ್ಲಿದೆ. ಬ್ಯಾಂಕಾಕ್‌ನಲ್ಲಿ ಕಂಪ್ಯೂಟರ್ ಕೆಲಸ ಅಂತ ಕರೆಸುತ್ತಾರೆ. ವಿಮಾನ ನಿಲ್ದಾಣದಿಂದ ಕಾರು ಪಶ್ಚಿಮಕ್ಕೆ ತಿರುಗಿ, ಗಂಟೆಗಟ್ಟಲೆ ಓಡಿ, ಮೇ ಸಾಟ್ ಪಟ್ಟಣ ಮುಟ್ಟುತ್ತದೆ. ಅಲ್ಲಿಂದ ಮೋಯಿ ನದಿ ದಾಟಿಸುತ್ತಾರೆ. ಆಚೆ ದಡ ಮ್ಯಾನ್ಮಾರ್‌ನದು. ಅಲ್ಲಿ ಆನ್‌ಲೈನ್ ವಂಚನೆಯ ಕೇಂದ್ರಗಳಲ್ಲಿ ಕೂಡಿಹಾಕಿ ದುಡಿಸುತ್ತಾರೆ. 2025ರ ಫೆಬ್ರವರಿಯಲ್ಲಿ ಇಂಥ ಕೇಂದ್ರಗಳಿಂದ ಬೇರೆ ಬೇರೆ ದೇಶಗಳ ಸಾವಿರಾರು ಜನ ಹೊರಗೆ ಬಂದರು. ಇದರಲ್ಲಿ ನನಗೆ ತುಂಬ ಸಂಕಟ ಆಗುವ ವಿಷಯ ಒಂದಿದೆ. ಮೋಸ ಹೋದವನ ಪಾಸ್‌ಪೋರ್ಟಿನಲ್ಲಿ ಮ್ಯಾನ್ಮಾರ್‌ಗೆ ಒಳಬಂದ ಸೀಲೇ ಇರುವುದಿಲ್ಲ. ಕಾಗದದ ಲೆಕ್ಕದಲ್ಲಿ ಅವನು ಗಡಿ ದಾಟಿದ ಅಪರಾಧಿ. ತಾನು ಬಲಿಪಶು ಅಂತ ಅವನೇ ಸಾಬೀತು ಮಾಡಬೇಕಾದ ಪರಿಸ್ಥಿತಿ ಬರುತ್ತದೆ.

ಹೊರಡುವ ಮುಂಚೆ ಆನ್‌ಲೈನ್‌ನಲ್ಲಿ ತುಂಬಬೇಕಾದ ಅರೈವಲ್ ಕಾರ್ಡ್, ಅಂದರೆ ಬರುವವರ ವಿವರ ಕೊಡುವ ಫಾರಂ, ಇದೆಯಾ ಅಂತಲೂ ನೋಡಿ. ಸಿಂಗಪುರ, ಮಲೇಷ್ಯಾ, ಮತ್ತು 2025ರ ಮೇ 1ರಿಂದ ಥಾಯ್ಲೆಂಡ್, ಇದನ್ನು ಕೇಳುತ್ತವೆ. ಸರ್ಕಾರಿ ವೆಬ್‌ಸೈಟಿನಲ್ಲಿ ಇದು ಪುಕ್ಕಟೆ. ದುಡ್ಡು ಕೇಳುವ ಪುಟ ತೆರೆದುಕೊಂಡರೆ ಅದು ಬೇರೆ ಯಾರದೋ ಅಂತ ತಿಳಿಯಿರಿ.

2. ಇಳಿದ ಕೂಡಲೇ: ಸೀಲು ಓದಿ, ದಿನ ಎಣಿಸಿ

ಇದೇ ಮುಖ್ಯವಾದ ಹೆಜ್ಜೆ. ವೀಸಾದ ಮೇಲಿರುವ ಕೊನೆಯ ತಾರೀಖು ಬೇರೆ, ಆ ದೇಶದಲ್ಲಿ ನೀವು ಉಳಿಯಬಹುದಾದ ದಿನ ಬೇರೆ. ಅಮೆರಿಕದ ವೀಸಾ ಹತ್ತು ವರ್ಷದ್ದಾಗಿರಬಹುದು. ಅದು ಬಾಗಿಲು ತಟ್ಟುವ ಅವಕಾಶ ಅಷ್ಟೇ. ಎಷ್ಟು ದಿನ ಇರಬಹುದು ಅನ್ನೋದನ್ನು ಅಲ್ಲಿ ಇಳಿದಾಗ ಅಧಿಕಾರಿ ತೀರ್ಮಾನಿಸುತ್ತಾರೆ, ಅದು ಐ-94 ಅನ್ನುವ ದಾಖಲೆಯಲ್ಲಿ ಬರುತ್ತದೆ. ಆನ್‌ಲೈನ್‌ನಲ್ಲಿ ಅದನ್ನು ತೆಗೆದು ನೋಡಿ, ಫೋಟೋ ಇಟ್ಟುಕೊಳ್ಳಿ.

ಸೀಲು ಹಾಕುವ ದೇಶವಾದರೆ ಕೌಂಟರ್ ಬಿಡುವ ಮೊದಲೇ ಪುಟ ತೆರೆದು ಓದಿ. ಹಿಂದೆ ಸಾಲು ಇದೆ ಅಂತ ಸಂಕೋಚ ಬೇಡ. ಶಾಯಿ ಮಸುಕಾಗಿದ್ದರೆ ಅಥವಾ ದಿನ ತಪ್ಪಾಗಿದ್ದರೆ ಅಲ್ಲೇ ಕೇಳಿ. ಹೊರಗೆ ಬಂದ ಮೇಲೆ ಸರಿಪಡಿಸುವುದು ಕಷ್ಟ.

ಈಗ ಎಣಿಕೆ. ಮಾರ್ಚ್ 5ಕ್ಕೆ ಇಳಿದಿರಿ, 30 ದಿನ ಕೊಟ್ಟರು ಅಂದುಕೊಳ್ಳಿ. ತಲೆಯಲ್ಲಿ ತಟ್ಟನೆ ‘ಏಪ್ರಿಲ್ 5’ ಅಂತ ಬರುತ್ತದೆ. ಆದರೆ ಸಾಮಾನ್ಯವಾಗಿ ಇಳಿದ ದಿನವೇ ಮೊದಲನೇ ದಿನ. ಮಾರ್ಚ್‌ನಲ್ಲಿ 27 ದಿನ ಹೋಯಿತು, ಉಳಿದದ್ದು ಮೂರು. ಹಾಗಾಗಿ ಕೊನೆಯ ದಿನ ಏಪ್ರಿಲ್ 3. ನಿಮ್ಮ ವಿಮಾನ ‘ಮೂರನೇ ತಾರೀಖು ರಾತ್ರಿ ಒಂದು ಗಂಟೆಗೆ’ ಅಂತ ನೀವು ಮಾತಿಗೆ ಹೇಳುತ್ತಿದ್ದೀರಿ, ಆದರೆ ಟಿಕೆಟ್ಟಿನಲ್ಲಿ ಏಪ್ರಿಲ್ 4 ಅಂತ ಇದೆಯಾ? ಮತ್ತೊಮ್ಮೆ ನೋಡಿ. ಮಧ್ಯರಾತ್ರಿಯ ಆಚೆ ಈಚೆ ಇರುವ ವಿಮಾನಗಳು ಬಹಳ ಜನರನ್ನು ಹೀಗೆ ಸಿಕ್ಕಿಸುತ್ತವೆ.

ಯೂರೋಪಿನ ಷೆಂಗೆನ್ ದೇಶಗಳ (ಒಂದೇ ವೀಸಾದಲ್ಲಿ ಓಡಾಡಬಹುದಾದ ದೇಶಗಳ ಗುಂಪು) ಲೆಕ್ಕ ಇನ್ನೂ ಸೂಕ್ಷ್ಮ. ಯಾವುದೇ 180 ದಿನದಲ್ಲಿ 90 ದಿನ ಮಾತ್ರ ಇರಬಹುದು. ಒಳಗೆ ಬಂದ ದಿನವೂ ಹೊರಗೆ ಹೋದ ದಿನವೂ ಲೆಕ್ಕಕ್ಕೆ ಸೇರುತ್ತವೆ. 2026ರ ಜನವರಿ 10ಕ್ಕೆ ಹೋಗಿ ಏಪ್ರಿಲ್ 9ರವರೆಗೆ ಇದ್ದರೆ ಸರಿಯಾಗಿ 90 ದಿನ ಮುಗಿಯುತ್ತದೆ. ಆಮೇಲೆ ಮತ್ತೆ ಕಾಲಿಡಬಹುದಾದ ಮೊದಲ ದಿನ ಜುಲೈ 9. ‘ಒಂದು ದಿನ ಹೊರಗೆ ಹೋಗಿ ಬಂದರೆ ಹೊಸದಾಗಿ ಶುರುವಾಗುತ್ತೆ’ ಅನ್ನೋದು ಸುಳ್ಳು. ಮೊದಲು ಸೀಲು ನೋಡಿ ಕೈಯಲ್ಲಿ ಎಣಿಸುತ್ತಿದ್ದರು. 2025ರ ಅಕ್ಟೋಬರ್ 12ರಿಂದ ಬೆರಳಚ್ಚು ಮತ್ತು ಮುಖದ ಫೋಟೋ ತೆಗೆದು ದಾಖಲಿಸುವ ವ್ಯವಸ್ಥೆ ಹಂತಹಂತವಾಗಿ ಬಂದಿದೆ. ಇನ್ನು ಒಂದು ದಿನ ಹೆಚ್ಚಾದರೂ ಕಂಪ್ಯೂಟರ್ ಹೇಳಿಬಿಡುತ್ತದೆ.

3. ಇರುವಷ್ಟು ದಿನ: ವಿಳಾಸ ತಿಳಿಸಿ

ಕೆಲವು ದೇಶಗಳಲ್ಲಿ ನೀವು ಎಲ್ಲಿ ಮಲಗುತ್ತೀರಿ ಅನ್ನೋದೂ ಕಾನೂನಿನ ವಿಷಯ. ಚೀನಾದಲ್ಲಿ ಹೋಟೆಲಿನವರು ತಾವೇ ನೋಂದಾಯಿಸುತ್ತಾರೆ. ಸ್ನೇಹಿತರ ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು.

ಇದೇನು ಮಹಾ ಅನ್ನುವವರು ವಿಕಿ ಬೋಮನ್ ಅವರಿಗೆ ಆದದ್ದನ್ನು ಕೇಳಬೇಕು. ಅವರು ಮ್ಯಾನ್ಮಾರ್‌ನಲ್ಲಿ ಬ್ರಿಟನ್ನಿನ ರಾಯಭಾರಿಯಾಗಿದ್ದವರು. ಅಲ್ಲಿನ ಕಲಾವಿದರೊಬ್ಬರನ್ನು ಮದುವೆಯಾಗಿ ಅಲ್ಲೇ ನೆಲೆಸಿದ್ದರು. ನೋಂದಾಯಿಸಿದ ವಿಳಾಸ ಬಿಟ್ಟು ಗಂಡನ ಇನ್ನೊಂದು ಮನೆಯಲ್ಲಿ ಇದ್ದರು ಅನ್ನೋದು ಅವರ ಮೇಲಿನ ಆರೋಪ. 2022ರ ಸೆಪ್ಟೆಂಬರ್‌ನಲ್ಲಿ ಇಬ್ಬರಿಗೂ ಒಂದು ವರ್ಷ ಜೈಲು ಶಿಕ್ಷೆಯಾಯಿತು. ನವೆಂಬರ್‌ನಲ್ಲಿ ಕ್ಷಮಾದಾನ ಸಿಕ್ಕಿ ಹೊರಗೆ ಬಂದರು. ಮಿಲಿಟರಿ ಆಡಳಿತದ ರಾಜಕೀಯ ಅದರ ಹಿಂದೆ ಇತ್ತು ಅಂತ ಬಹಳ ಜನ ಹೇಳಿದರು, ನನಗೂ ಹಾಗೆಯೇ ಅನ್ನಿಸುತ್ತದೆ. ಆದರೆ ಜೈಲಿಗೆ ಕಳಿಸಲು ಬಳಸಿದ್ದು ವಿಳಾಸದ ನಿಯಮವನ್ನೇ.

4. ದಿನ ಸಾಲದು ಅನ್ನಿಸಿದರೆ: ಅವಧಿಯೊಳಗೇ ಹೋಗಿ

ಜ್ವರ ಬಂತು, ವಿಮಾನ ರದ್ದಾಯಿತು, ಪಾಸ್‌ಪೋರ್ಟ್ ಕಳೆಯಿತು. ಏನೇ ಆಗಲಿ, ಅವಧಿ ಮುಗಿಯುವ ಮೊದಲೇ ಇಮಿಗ್ರೇಷನ್ ಕಚೇರಿಗೆ ಹೋಗಿ. ಥಾಯ್ಲೆಂಡ್‌ನಲ್ಲಿ ಪ್ರವಾಸಿಗಳು 1,900 ಬಾತ್ ಕಟ್ಟಿ ಅವಧಿ ವಿಸ್ತರಿಸಲು ಅರ್ಜಿ ಹಾಕಬಹುದು. ಆಸ್ಪತ್ರೆ ಚೀಟಿ, ವಿಮಾನ ರದ್ದಾದ ಸಂದೇಶ, ಪಾಸ್‌ಪೋರ್ಟ್ ಕಳೆದ ಬಗ್ಗೆ ಪೊಲೀಸ್ ದೂರಿನ ಪ್ರತಿ, ಎಲ್ಲವನ್ನೂ ಜೋಪಾನವಾಗಿಡಿ.

5. ಅವಧಿ ಮೀರಿಯೇ ಹೋಗಿದ್ದರೆ: ಅವರು ಹಿಡಿಯುವ ಮೊದಲು ನೀವೇ ಹೋಗಿ

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಹೆದರಿ ಅಡಗಿ ಕೂತವರಿಗೆ ಪ್ರತಿದಿನ ಶಿಕ್ಷೆ ಬೆಳೆಯುತ್ತಾ ಹೋಗುತ್ತದೆ.

ಥಾಯ್ಲೆಂಡ್ ಲೆಕ್ಕ ನೋಡಿ. ದಿನಕ್ಕೆ 500 ಬಾತ್ ದಂಡ, ಗರಿಷ್ಠ 20,000. 2016ರ ಮಾರ್ಚ್ 20ರಿಂದ ಇದಕ್ಕೆ ಬ್ಯಾನ್ ಕೂಡ ಸೇರಿದೆ. 90 ದಿನ ದಾಟಿದವರು ತಾವಾಗಿ ವಿಮಾನ ನಿಲ್ದಾಣಕ್ಕೆ ಬಂದು ಒಪ್ಪಿಕೊಂಡರೆ ಒಂದು ವರ್ಷ ಬರುವ ಹಾಗಿಲ್ಲ. ಅದೇ ಮನುಷ್ಯ ರಸ್ತೆಯಲ್ಲಿ ಪೊಲೀಸರ ಕೈಗೆ ಸಿಕ್ಕರೆ ಐದು ವರ್ಷ. ಒಂದು ವರ್ಷಕ್ಕಿಂತ ಹೆಚ್ಚು ಉಳಿದಿದ್ದರೆ ತಾವಾಗಿ ಬಂದವರಿಗೆ ಮೂರು ವರ್ಷದಿಂದ ಶುರು, ಸಿಕ್ಕಿಬಿದ್ದವರಿಗೆ ನೇರವಾಗಿ ಹತ್ತು.

ಜಪಾನಿನಲ್ಲಿ ಅವಧಿ ಮೀರಿದವರಿಗೆ ಮೂರು ವರ್ಷದವರೆಗೆ ಜೈಲು ಅಥವಾ 30 ಲಕ್ಷ ಯೆನ್‌ವರೆಗೆ ದಂಡ ಇದೆ. ಗಡೀಪಾರಾದವರಿಗೆ ಕಡಿಮೆ ಅಂದ್ರೂ ಐದು ವರ್ಷ ಬ್ಯಾನ್. ಆದರೆ ಬೇರೆ ಅಪರಾಧ ಮಾಡದೆ, ತಾವಾಗಿ ಕಚೇರಿಗೆ ಹೋಗಿ, ಕೂಡಲೇ ಊರಿಗೆ ಹೊರಡುತ್ತೇನೆ ಅಂದವರಿಗೆ ‘ನಿರ್ಗಮನ ಆದೇಶ’ ಸಿಗಬಹುದು. ಆಗ ಬ್ಯಾನ್ ಒಂದೇ ವರ್ಷ. ಯುಎಇಯಲ್ಲಿ ದಿನಕ್ಕೆ 50 ದಿರ್ಹಮ್ ದಂಡ ಏರುತ್ತಾ ಹೋಗುತ್ತದೆ. ಅಲ್ಲಿನ ಸರ್ಕಾರ ಆಗಾಗ ಕ್ಷಮಾದಾನದ ಅವಧಿ ಘೋಷಿಸುತ್ತದೆ. 2024ರ ಸೆಪ್ಟೆಂಬರ್ 1ರಿಂದ ಡಿಸೆಂಬರ್ 31ರವರೆಗೆ ಹಾಗೆ ಕೊಟ್ಟಿದ್ದರು. ಇಂಥ ಸುದ್ದಿ ಬಂದಾಗ ತಡಮಾಡದೆ ಹೋಗಬೇಕು.

ಅಮೆರಿಕದಲ್ಲಿ 180 ದಿನ ಮೀರಿ ಅಕ್ರಮವಾಗಿ ಉಳಿದು ಹೊರಟವರಿಗೆ ಮೂರು ವರ್ಷ ಬಾಗಿಲು ಮುಚ್ಚುತ್ತದೆ. ಒಂದು ವರ್ಷ ತುಂಬಿತು ಅಂದರೆ ಹತ್ತು ವರ್ಷ. ಅದಕ್ಕಿಂತ ಕಡಿಮೆ ಉಳಿದರೂ ಇರುವ ವೀಸಾ ರದ್ದಾಗುತ್ತದೆ. ಇಂಡೋನೇಷ್ಯಾದಲ್ಲಿ 60 ದಿನದೊಳಗಾದರೆ ದಿನಕ್ಕೆ ಹತ್ತು ಲಕ್ಷ ರುಪಿಯಾ ದಂಡ. 60 ದಾಟಿದರೆ ಗಡೀಪಾರು, ಜೊತೆಗೆ ಬ್ಯಾನ್.

6. ಬಂಧನವಾದರೆ

ಓಡಬೇಡಿ. ಲಂಚ ಕೊಡಲು ಹೋಗಬೇಡಿ, ಅದು ಇನ್ನೊಂದು ಕೇಸಾಗುತ್ತದೆ. ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕಬೇಡಿ, ದುಭಾಷಿ ಬೇಕು ಅಂತ ಕೇಳಿ.

‘ನಮ್ಮ ದೇಶದ ರಾಯಭಾರ ಕಚೇರಿಗೆ ತಿಳಿಸಿ’ ಅಂತ ಸ್ಪಷ್ಟವಾಗಿ ಹೇಳಿ. ಇದು ಯಾರೋ ಮಾಡುವ ಉಪಕಾರ ಅಲ್ಲ. 1963ರ ವಿಯೆನ್ನಾ ಕಾನ್ಸುಲರ್ ಒಪ್ಪಂದದ 36ನೇ ವಿಧಿಯಲ್ಲಿ ಈ ಹಕ್ಕು ಇದೆ. ನೀವು ಕೇಳಿದರೆ ಅವರು ತಿಳಿಸಲೇಬೇಕು. ಆದರೆ ರಾಯಭಾರ ಕಚೇರಿಯವರು ಬಂದ ಕೂಡಲೇ ಬಿಡಿಸಿಕೊಂಡು ಹೋಗುತ್ತಾರೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಅವರು ನಿಮ್ಮನ್ನು ಭೇಟಿ ಮಾಡಬಹುದು, ವಕೀಲರ ಪಟ್ಟಿ ಕೊಡಬಹುದು, ಮನೆಗೆ ಸುದ್ದಿ ಮುಟ್ಟಿಸಬಹುದು. ಆ ದೇಶದ ಕೋರ್ಟಿನ ತೀರ್ಪು ಬದಲಿಸುವ ಅಧಿಕಾರ ಅವರಿಗಿಲ್ಲ. ಹಾಗಾಗಿ ವಕೀಲರನ್ನು ಬೇಗ ಹಿಡಿಯಿರಿ. ಪಾಸ್‌ಪೋರ್ಟ್, ವೀಸಾ, ಸೀಲಿನ ಪುಟ ಇವುಗಳ ಫೋಟೋ ಮನೆಯಲ್ಲಿ ಒಬ್ಬರ ಹತ್ತಿರ ಮೊದಲೇ ಇದ್ದರೆ ಈ ಹೊತ್ತಿನಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ.

7. ವಾಪಸ್ ಬರುವಾಗ ಮತ್ತು ಆಮೇಲೆ

ದಂಡ ಕಟ್ಟಿದ್ದರೆ ರಸೀದಿ ಕೇಳಿ ತೆಗೆದುಕೊಳ್ಳಿ. ಸೀಲು ಹಾಕುವ ದೇಶವಾದರೆ ಹೊರಡುವ ಸೀಲು ಬಿತ್ತಾ ನೋಡಿ. ಅದು ಇಲ್ಲದಿದ್ದರೆ ನೀವಿನ್ನೂ ಆ ದೇಶದಲ್ಲೇ ಇದ್ದೀರಿ ಅಂತ ದಾಖಲೆ ಹೇಳಬಹುದು. ಬೋರ್ಡಿಂಗ್ ಪಾಸ್ ಬಿಸಾಡಬೇಡಿ, ಹೊರಟ ದಿನಕ್ಕೆ ಅದೇ ಸಾಕ್ಷಿ.

ಮುಂದೆ ಯಾವುದೇ ದೇಶದ ವೀಸಾ ಅರ್ಜಿ ತುಂಬುವಾಗ ‘ಹಿಂದೆ ಎಲ್ಲಾದರೂ ಅವಧಿ ಮೀರಿದ್ದೀರಾ, ಗಡೀಪಾರಾಗಿದ್ದೀರಾ’ ಅನ್ನುವ ಪ್ರಶ್ನೆ ಬರಬಹುದು. ‘ಇಲ್ಲ’ ಅಂತ ಸುಮ್ನೆ ಟಿಕ್ ಮಾಡಿಬಿಡೋಣ ಅನ್ನಿಸುತ್ತದೆ. ಅಮೆರಿಕದ ಕಾನೂನಿನಲ್ಲಿ ಸುಳ್ಳು ಹೇಳಿ ವೀಸಾ ಪಡೆಯಲು ನೋಡಿದವರಿಗೆ ಜೀವನಪರ್ಯಂತ ಪ್ರವೇಶ ತಪ್ಪಬಹುದು. ‘ಹೌದು’ ಅಂತ ಬರೆಯಿರಿ. ಏನಾಯಿತು, ಯಾವಾಗ, ಎಷ್ಟು ದಂಡ ಕಟ್ಟಿದಿರಿ ಅಂತ ನಾಲ್ಕು ಸಾಲಿನಲ್ಲಿ ವಿವರಿಸಿ. ಆ ರಸೀದಿಯ ಪ್ರತಿಯನ್ನೂ ಜೊತೆಗೆ ಲಗತ್ತಿಸಿ.