ಸ್ಪೋರ್ಟ್ಸ್ ಕಾರಿನಲ್ಲಿ ಒಬ್ಬರೇ ಅಮೆರಿಕ ದಾಟುವುದು ಹೇಗೆ: ನ್ಯೂಜೆರ್ಸಿಯಿಂದ ಕ್ಯಾಲಿಫೋರ್ನಿಯಾಕ್ಕೆ

ನ್ಯೂಜೆರ್ಸಿ ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾಕ್ಕೆ ಕೆಲಸಕ್ಕೆ ಹೊರಟವರನ್ನು ಎಲ್ಲರೂ ಕೇಳುವ ಪ್ರಶ್ನೆ ಒಂದೇ, ಕಾರು ಏನು ಮಾಡ್ತೀರಿ ಅಂತ. ಟ್ರಕ್ಕಿಗೆ ಹಾಕಿ ಕಳಿಸಿ, ನೀವು ವಿಮಾನ ಹತ್ತಿ ಅನ್ನುತ್ತಾರೆ. ಕಾರು ಕ್ಯಾಮ್ರಿಯೋ ಸಿಯೆನ್ನಾನೋ ಆಗಿದ್ದರೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಮನೆ ಮುಂದೆ ನಿಂತಿರುವುದು ಮಿಯಾಟಾ, ಬಿಆರ್‌ಝಡ್, ಕೇಮನ್ ಥರದ ಸ್ಪೋರ್ಟ್ಸ್ ಕಾರಾದರೆ ಕೆಲಸಕ್ಕೆ ಸೇರುವ ದಿನವನ್ನು ಒಂದು ವಾರ ಮುಂದಕ್ಕೆ ಹಾಕಿಸಿಕೊಳ್ಳಿ, ಓಡಿಸಿಕೊಂಡೇ ಹೋಗಿ. ಒಬ್ಬರೇ ಹೋಗಿ. ಪಕ್ಕದ ಸೀಟು ಸಾಮಾನಿಗೆ ಬೇಕಾಗುತ್ತದೆ.

ಮೊದಲು ಮೈಲಿ ಹಂಚಿಕೊಳ್ಳುವ ವಿಷಯ, ಏಕೆಂದರೆ ಜಾಸ್ತಿ ಜನ ಎಡವುವುದು ಅಲ್ಲೇ. ಐ-80 ಹೆದ್ದಾರಿ ನ್ಯೂಜೆರ್ಸಿಯ ಟೀನೆಕ್‌ನಲ್ಲಿ ಶುರುವಾಗಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮುಗಿಯುತ್ತದೆ, ಸುಮಾರು 2,900 ಮೈಲಿ. ದಿನಕ್ಕೆ 500 ಮೈಲಿ, ಆರು ದಿನ ಅಂತ ಸಮನಾಗಿ ಭಾಗ ಮಾಡಿಬಿಡುತ್ತಾರೆ. ಹಾಗೆ ಮಾಡಿದರೆ ತಿರುವೇ ಇಲ್ಲದ ನೆಬ್ರಾಸ್ಕಾಕ್ಕೂ, ಈ ಕಾರು ಹುಟ್ಟಿದ್ದೇ ಇದಕ್ಕೆ ಅನ್ನಿಸುವ ವಯೋಮಿಂಗ್ ಬೆಟ್ಟಗಳಿಗೂ ಒಂದೇ ಬೆಲೆ ಕೊಟ್ಟ ಹಾಗಾಯಿತು. ನನ್ನ ಲೆಕ್ಕ ಬೇರೆ. ಒಟ್ಟು ಎಂಟು ದಿನ ಇಟ್ಟುಕೊಳ್ಳಿ. ಮೊದಲ ಮೂರೂವರೆ ದಿನದಲ್ಲಿ ಪೆನ್ಸಿಲ್ವೇನಿಯಾ, ಒಹಾಯೊ, ಇಂಡಿಯಾನಾ, ಇಲಿನಾಯ್, ಅಯೋವಾ, ನೆಬ್ರಾಸ್ಕಾ ಎಲ್ಲ ದಾಟಿ ವಯೋಮಿಂಗ್‌ನ ಶಾಯೆನ್ ಸೇರಿಕೊಳ್ಳಿ. ಉಳಿದ ನಾಲ್ಕೂವರೆ ದಿನ ಬೆಟ್ಟಕ್ಕೆ ಮತ್ತು ನೆವಾಡಾಕ್ಕೆ. ಹೊರಡುವುದು ಜೂನ್ ಕೊನೆಯಿಂದ ಸೆಪ್ಟೆಂಬರ್ ಒಳಗೆ ಇರಲಿ. ನನ್ನನ್ನು ಕೇಳಿದರೆ ಲೇಬರ್ ಡೇ (ಸೆಪ್ಟೆಂಬರಿನ ಮೊದಲ ಸೋಮವಾರ) ಆದ ಮೇಲಿನ ಎರಡು ವಾರ ಎಲ್ಲಕ್ಕಿಂತ ಚೆನ್ನ. ಶಾಲೆಗಳು ಶುರುವಾಗಿರುತ್ತವೆ, ರಸ್ತೆ ಖಾಲಿ, ಬಿಸಿಲೂ ಹದವಾಗಿರುತ್ತದೆ.

ಈಗ ಕಾರಿನ ತಯಾರಿ. ಎಂಜಿನ್ ಆಯಿಲ್, ಕೂಲೆಂಟ್, ಬ್ಯಾಟರಿ ಎಲ್ಲರೂ ನೋಡುತ್ತಾರೆ. ನೀವು ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದದ್ದು ಟೈರಿನ ಬಗ್ಗೆ. 1909ರಲ್ಲಿ ಆಲಿಸ್ ರಾಮ್ಸಿ ಅನ್ನುವ 22 ವರ್ಷದ ಹೆಣ್ಣುಮಗಳು ಮ್ಯಾಕ್ಸ್‌ವೆಲ್ ಕಾರಿನಲ್ಲಿ ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಹೋದರು. ಕಾರು ಓಡಿಸಿ ಅಮೆರಿಕ ದಾಟಿದ ಮೊದಲ ಮಹಿಳೆ ಅವರೇ. ಜೊತೆಗೆ ಮೂವರಿದ್ದರೂ ಯಾರಿಗೂ ಕಾರು ಬಿಡಲು ಬರುತ್ತಿರಲಿಲ್ಲ. 59 ದಿನದಲ್ಲಿ 11 ಸಲ ಟೈರ್ ಬದಲಾಯಿಸಿದರಂತೆ. ಈಗ ರಸ್ತೆ ಸುಧಾರಿಸಿದೆ, ಆದರೆ ಬದಲಾಯಿಸಲು ಟೈರೇ ಇರುವುದಿಲ್ಲ! ಈಗಿನ ಮಿಯಾಟಾದಲ್ಲಿ ಸ್ಟೆಪ್ನಿ ಇಲ್ಲ, ಈ ಜಾತಿಯ ಹೆಚ್ಚಿನ ಕಾರುಗಳಲ್ಲೂ ಇಲ್ಲ. ಅದರ ಬದಲು ಒಂದು ಸೀಲೆಂಟ್ ಬಾಟಲಿ, ಒಂದು ಪುಟ್ಟ ಪಂಪ್ ಕೊಟ್ಟಿರುತ್ತಾರೆ. ರಸ್ತೆಗೆ ತಾಗುವ ಭಾಗದಲ್ಲಿ ಮೊಳೆ ಚುಚ್ಚಿದರೆ ಅದು ಸಾಕು. ಪಕ್ಕದ ಗೋಡೆ ಹರಿದರೆ ಏನೂ ಪ್ರಯೋಜನವಿಲ್ಲ. ಸಾಲದ್ದಕ್ಕೆ 195/50ಆರ್16 ಥರದ ಅಳತೆ ಸಣ್ಣ ಊರಿನ ಟೈರ್ ಅಂಗಡಿಯಲ್ಲಿ ಸಿಗುವುದು ಕಷ್ಟ, ತರಿಸಿಕೊಡಲು ಒಂದೆರಡು ದಿನ ಹಿಡಿಯಬಹುದು. ಹಾಗಾಗಿ ಅರ್ಧ ಸವೆದ ಟೈರ್ ಹಾಕಿಕೊಂಡು ಹೊರಡಬೇಡಿ. ಕ್ವಾರ್ಟರ್ ನಾಣ್ಯ ತಲೆಕೆಳಗಾಗಿ ಟೈರಿನ ಗೀರಿನೊಳಗೆ ಇಳಿಸಿ. ನಾಣ್ಯದ ಮೇಲಿರುವ ವಾಷಿಂಗ್ಟನ್ ತಲೆಯ ತುದಿ ಪೂರ್ತಿ ಕಾಣಿಸಿದರೆ ಗೀರಿನ ಆಳ ಒಂದು ಇಂಚಿನ 32ರಲ್ಲಿ 4 ಭಾಗಕ್ಕಿಂತ ಕಡಿಮೆಯಾಗಿದೆ ಅಂತ ಅರ್ಥ. ಜೋರು ಮಳೆಯಲ್ಲಿ ಅದು ಸಾಲುವುದಿಲ್ಲ.

ಬೇಸಿಗೆ ಟೈರ್ ಹಾಕಿಸಿಕೊಂಡಿದ್ದರೆ ಇನ್ನೊಂದು ಮಾತು. ಅವು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗಿ ಹಿಡಿತ ಬಿಡುತ್ತವೆ. ಎತ್ತರದ ಘಾಟಿಗಳಲ್ಲಿ ಸೆಪ್ಟೆಂಬರ್ ಬೆಳಗ್ಗೆ ಅಷ್ಟು ಚಳಿ ಮಾಮೂಲು. ಬಿಸಿಲು ಏರುವವರೆಗೆ ಕಾಯಿರಿ.

ಸಾಮಾನಿನ ಪಟ್ಟಿ ನಾನು ಕೊಡುವುದಿಲ್ಲ, ಆದರೆ ಮೂರು ವಸ್ತು ಮರೆಯಬೇಡಿ. ಪಂಕ್ಚರ್ ಪ್ಲಗ್ ಕಿಟ್. ವೀಲ್ ಲಾಕ್ ನಟ್ಟಿನ ಕೀಲಿ, ಅದು ಕಾರಿನಲ್ಲೇ ಇದೆಯಾ ಅಂತ ಈಗಲೇ ಎದ್ದು ಹೋಗಿ ನೋಡಿ, ಅದಿಲ್ಲದಿದ್ದರೆ ಎಂಥ ಮೆಕ್ಯಾನಿಕ್ಕಿಗೂ ಚಕ್ರ ಬಿಚ್ಚುವುದು ದೊಡ್ಡ ರಗಳೆ. ಮೂರನೆಯದು ಎಳೆಯುವ ಕೊಕ್ಕೆ. ಬಂಪರಿನಲ್ಲಿರುವ ಸಣ್ಣ ಮುಚ್ಚಳ ತೆಗೆದು ಅದನ್ನು ತಿರುಗಿಸಿ ಕೂರಿಸುವುದನ್ನು ಮನೆಯಲ್ಲೇ ಒಂದು ಸಲ ಮಾಡಿ ನೋಡಿ. ಕಾರು ಕೆಟ್ಟು ನಿಂತರೆ ಫೋನಿನಲ್ಲಿ ಮೊದಲು ಹೇಳಬೇಕಾದ ಮಾತು, ಕಾರು ತಗ್ಗು ಇದೆ, ಫ್ಲಾಟ್‌ಬೆಡ್ ಟ್ರಕ್ಕೇ ಬೇಕು ಅಂತ. ದಾರಿಯಲ್ಲಿ ಕೆಟ್ಟ ಕಾರಿಗೆ ನೆರವು ಕೊಡುವ ಟ್ರಿಪಲ್ ಎ ಸಂಘದ ಸದಸ್ಯತ್ವ ಇದ್ದರೆ ಅದನ್ನು ಪ್ಲಸ್‌ಗೆ ಏರಿಸಿಕೊಳ್ಳಿ. 100 ಮೈಲಿವರೆಗೆ ಎಳೆದುಕೊಂಡು ಹೋಗುತ್ತಾರೆ. ಪಶ್ಚಿಮದಲ್ಲಿ ಊರಿಂದ ಊರಿಗೆ ಇರುವ ದೂರಕ್ಕೆ ಅದು ಬೇಕೇ ಬೇಕು.

ಮಿಯಾಟಾದ ಡಿಕ್ಕಿ ನಾಲ್ಕೂವರೆ ಘನ ಅಡಿ, ಅಂದರೆ 130 ಲೀಟರ್. ಗಟ್ಟಿ ಸೂಟ್‌ಕೇಸ್ ಮರೆತುಬಿಡಿ. ಮೆತ್ತಗಿನ ಬಟ್ಟೆ ಬ್ಯಾಗು ಎರಡು, ಮೂಲೆಗಳಿಗೆ ಬಿಡಿ ಬಟ್ಟೆ ತುರುಕಿದರೆ ಆಶ್ಚರ್ಯವಾಗುವಷ್ಟು ಹಿಡಿಸುತ್ತದೆ. ಉಳಿದ ಮನೆ ಸಾಮಾನು ಪಾರ್ಸೆಲ್ ಹಾಕಿ. ಬಟ್ಟೆಯ ಟಾಪ್ (ಮಡಚಿ ತೆರೆಯುವ ಮೇಲ್ಛಾವಣಿ) ಇರುವ ಕಾರಿನಲ್ಲಿ ರಾತ್ರಿ ಏನನ್ನೂ ಬಿಡಬೇಡಿ, ಚಾರ್ಜರ್ ಕೇಬಲ್ ಕೂಡ. ಒಂದು ಬ್ಲೇಡ್ ಸಾಕು, ಟಾಪ್ ಹರಿದು ಹೋಗುತ್ತದೆ. ಮೋಟೆಲಿನಲ್ಲಿ ಕೋಣೆ ಬಾಗಿಲ ಮುಂದೆಯೇ ನಿಲ್ಲಿಸುವಂಥದ್ದನ್ನು ಹುಡುಕಿ.

ತಿಂಡಿ ವಿಷಯದಲ್ಲಿ ಜಿಪುಣತನ ಬೇಡ. ಹೊರಡುವ ಹಿಂದಿನ ದಿನ ಎಡಿಸನ್‌ನ ಓಕ್ ಟ್ರೀ ರೋಡಿಗೆ ಹೋಗಿ ಅವಲಕ್ಕಿ, ಹುರಿಗಾಳು, ಚಕ್ಕುಲಿ, ಚಟ್ನಿಪುಡಿ ಕಟ್ಟಿಸಿಕೊಳ್ಳಿ. ಸಸ್ಯಾಹಾರಿಗಳಿಗೆ ಒಳ್ಳೆಯ ಸುದ್ದಿ, ಐ-80ರಲ್ಲಿ ಪಂಜಾಬಿಗಳು ನಡೆಸುವ ಟ್ರಕ್ ಸ್ಟಾಪ್‌ಗಳಿವೆ. ಸಿಖ್ ಟ್ರಕ್ ಡ್ರೈವರುಗಳು ಜಾಸ್ತಿಯಾದ ಹಾಗೆ ದಾಲ್, ರೋಟಿ, ಚಹಾ ಎಲ್ಲ ಅಲ್ಲಿಗೆ ಬಂದಿದೆ. ಲಾರಮಿ ಹತ್ತಿರವೂ ಒಂದಿದೆ. ಮೂರು ದಿನ ಬರ್ಗರ್ ಅಂಗಡಿಯ ಆಲೂಗಡ್ಡೆ ತಿಂದವರಿಗೆ ಆ ಬಿಸಿ ರೋಟಿಯ ಬೆಲೆ ಗೊತ್ತು.

ಬಯಲು ದಾಟುವ ದಿನಗಳು

ಟೋಲ್‌ಗೆ ಇ-ಝೀ ಪಾಸ್ ಇದ್ದರೆ ಒಹಾಯೊ, ಇಂಡಿಯಾನಾ, ಇಲಿನಾಯ್ ಎಲ್ಲ ಕಡೆ ನಡೆಯುತ್ತದೆ. ಟಾಪ್ ಮುಚ್ಚಿ. ಗಂಟೆಗೆ 75 ಮೈಲಿ ವೇಗದಲ್ಲಿ ಟಾಪ್ ತೆಗೆದು ಎಂಟು ಗಂಟೆ ಕೂತರೆ ಗಾಳಿಯ ಸದ್ದಿಗೇ ತಲೆ ಸಿಡಿಯುತ್ತದೆ, ಚರ್ಮವೂ ಸುಡುತ್ತದೆ. ತೆರೆದ ಟಾಪನ್ನು ಬೆಟ್ಟದ ರಸ್ತೆಗೆ ಇಟ್ಟುಕೊಳ್ಳಿ.

ತಗ್ಗು ಕಾರಿಗೆ ಇಲ್ಲಿ ಎರಡು ಶತ್ರು. ಒಂದು, ಸಿಡಿದ ಟ್ರಕ್ ಟೈರಿನ ತುಂಡುಗಳು. ಎಸ್‌ಯುವಿಯವರು ಅದನ್ನು ಎರಡು ಚಕ್ರದ ನಡುವೆ ಬಿಟ್ಟು ದಾಟಿಬಿಡುತ್ತಾರೆ, ನಮ್ಮ ಕಾರಿನ ಹೊಟ್ಟೆ ನೆಲದಿಂದ ಒಂದು ಗೇಣೂ ಇಲ್ಲ. ಮುಂದಿನ ವಾಹನಕ್ಕೂ ನಿಮಗೂ ನಾಲ್ಕು ಸೆಕೆಂಡ್ ದೂರ ಇರಲಿ, ಆಗ ಪಕ್ಕಕ್ಕೆ ಸರಿಯಲು ಸಮಯ ಸಿಗುತ್ತದೆ. ಇನ್ನೊಂದು, ಟ್ರಕ್ಕುಗಳೇ. ನೀವು ಅವರ ಕಿಟಕಿಯ ಕೆಳಗಿನ ಅಂಚಿಗಿಂತ ತಗ್ಗಿನಲ್ಲಿ ಕೂತಿರುತ್ತೀರಿ, ಬಲಗಡೆಯಂತೂ ಕಾಣಿಸುವುದೇ ಇಲ್ಲ. ಪಕ್ಕದಲ್ಲಿ ತೇಲುತ್ತಾ ಇರಬೇಡಿ, ಎಡದಿಂದ ಬೇಗ ದಾಟಿ ಮುಂದೆ ಹೋಗಿ.

ಪಶ್ಚಿಮಕ್ಕೆ ಹೋಗುವಾಗ ಗಡಿಯಾರ ನಿಮ್ಮ ಕಡೆ ಇರುತ್ತದೆ. ಇಂಡಿಯಾನಾದಲ್ಲಿ ಒಂದು ಗಂಟೆ, ಪಶ್ಚಿಮ ನೆಬ್ರಾಸ್ಕಾದಲ್ಲಿ ಒಂದು, ನೆವಾಡಾದಲ್ಲಿ ಒಂದು ಗಂಟೆ ಸಿಗುತ್ತದೆ. ಆ ಗಂಟೆಯನ್ನು ಸಂಜೆಗೆ ಸೇರಿಸಿ ಓಡಿಸುವುದು ಬೇಡ. ಮೈಗೆ ನ್ಯೂಜೆರ್ಸಿ ಸಮಯವೇ ಇರಲಿ, ತಾನಾಗಿ ಬೇಗ ಎಚ್ಚರವಾಗುತ್ತದೆ, ಬೆಳಕು ಹರಿದ ಕೂಡಲೇ ಹೊರಡಿ, ಸಂಜೆ ನಾಲ್ಕಕ್ಕೆ ಕೋಣೆ ಸೇರಿಬಿಡಿ. ನಾಲ್ಕರ ಮೇಲೆ ಸೂರ್ಯ ನೇರ ಕಣ್ಣಿಗೆ ಹೊಡೆಯುತ್ತಾನೆ, ಕತ್ತಲಾಗುವ ಹೊತ್ತಿಗೆ ಜಿಂಕೆಗಳು ರಸ್ತೆಗೆ ಇಳಿಯುತ್ತವೆ, ಆಮೇಲೆ ಪಿಕಪ್ ಟ್ರಕ್ಕುಗಳ ಹೆಡ್‌ಲೈಟ್ ಸರಿಯಾಗಿ ನಿಮ್ಮ ಕನ್ನಡಿಯ ಎತ್ತರದಲ್ಲೇ ಇರುತ್ತದೆ. ಎರಡು ಗಂಟೆಗೊಮ್ಮೆ ಇಳಿದು ಹತ್ತು ನಿಮಿಷ ನಡೆಯಿರಿ. ಮಧ್ಯಾಹ್ನ ಊಟ ಆದ ಮೇಲೆ ತೂಕಡಿಕೆ ಬಂದರೆ ಹಾಡು ಜೋರು ಮಾಡಿ, ಕಿಟಕಿ ಇಳಿಸಿ ಅನ್ನುವುದೆಲ್ಲ ಕೆಲಸ ಮಾಡುವುದಿಲ್ಲ. ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿ, ಕಾಫಿ ಕುಡಿದು, ಇಪ್ಪತ್ತು ನಿಮಿಷ ಮಲಗಿ. ಒಬ್ಬರೇ ಇದ್ದಾಗ ನಿಮ್ಮನ್ನು ಎಬ್ಬಿಸಲು ಪಕ್ಕದಲ್ಲಿ ಯಾರೂ ಇಲ್ಲ ಅಲ್ವಾ.

ಬೆಟ್ಟ ಶುರು

ಶಾಯೆನ್ ದಾಟಿದ ಮೇಲೆ ಐ-80 ತನ್ನ ಅತಿ ಎತ್ತರದ ಜಾಗಕ್ಕೆ ಏರುತ್ತದೆ, ಶರ್ಮನ್ ಸಮಿಟ್, 8,640 ಅಡಿ. ಅಲ್ಲಿಂದ ಇಳಿದರೆ ಲಾರಮಿ. ಲಾರಮಿಯಲ್ಲಿ ಹೆದ್ದಾರಿ ಬಿಡಿ. ವಯೋಮಿಂಗ್ 130 ರಸ್ತೆ ಹಿಡಿದರೆ ಸೆಂಟೆನಿಯಲ್ ಅನ್ನುವ ಪುಟ್ಟ ಊರು ದಾಟಿ ಸ್ನೋಯಿ ರೇಂಜ್ ಘಾಟಿ, 10,847 ಅಡಿ. ಬಂಡೆ, ಕೆರೆ, ಆಕಾಶ, ಬಿಟ್ಟರೆ ತಿರುವು. ಸರಟೋಗಾ ಮೂಲಕ ಮತ್ತೆ ಐ-80ಕ್ಕೇ ಬಂದು ಸೇರುತ್ತೀರಿ, ಹಾಗಾಗಿ ದಾರಿ ತಪ್ಪಿದ ಹಾಗೂ ಅಲ್ಲ. ಎಲ್ಕ್ ಮೌಂಟನ್ ಹತ್ತಿರ ಐ-80ರ ಮೇಲೆ ಟ್ರಕ್ಕುಗಳನ್ನೇ ಉರುಳಿಸುವ ಗಾಳಿ ಬೀಸುವ ಜಾಗವೂ ತಪ್ಪುತ್ತದೆ. ಮುಂದೆ ಇವಾನ್ಸ್‌ಟನ್‌ನಲ್ಲಿ ಇನ್ನೊಮ್ಮೆ ಇಳಿಯಿರಿ. ಅಲ್ಲಿಂದ ಯೂಟಾದ ಕೇಮಸ್‌ವರೆಗೆ ಮಿರರ್ ಲೇಕ್ ರಸ್ತೆ ಹೋಗುತ್ತದೆ, 10,700 ಅಡಿ ದಾಟುತ್ತದೆ. ಕೆರೆ ಹತ್ತಿರ ಕಾರು ನಿಲ್ಲಿಸಲು ಪಾಸ್ ಬೇಕು, ಸುಮ್ನೆ ದಾಟಿ ಹೋಗಲು ಬೇಡ. ಎರಡೂ ರಸ್ತೆ ಚಳಿಗಾಲದಲ್ಲಿ ಮುಚ್ಚುತ್ತವೆ. ಹಿಂದಿನ ರಾತ್ರಿ ಆಯಾ ರಾಜ್ಯದ 511, ಅಂದರೆ ರಸ್ತೆ ಸ್ಥಿತಿಯ ಮಾಹಿತಿ ನೋಡಿಯೇ ಮಲಗಿ.

ಇಲ್ಲಿ ಗ್ಯಾಸ್, ಅಂದರೆ ಪೆಟ್ರೋಲ್, ಹಾಕಿಸುವಾಗ ಕಣ್ಣು ಬಿಟ್ಟು ನೋಡಿ. ವಯೋಮಿಂಗ್, ಯೂಟಾ ಕಡೆ ರೆಗ್ಯುಲರ್ ಅಂತ ಬರೆದಿರುವುದು 85 ಆಕ್ಟೇನ್ ದರ್ಜೆಯದಾಗಿರುತ್ತದೆ. ಹಳೆಯ ಕಾರ್ಬ್ಯುರೇಟರ್ ಕಾಲದ ಪದ್ಧತಿ ಅದು. ನಿಮ್ಮ ಕಾರಿಗೆ ಕನಿಷ್ಠ 87 ಬೇಕು, ಕೆಲವಕ್ಕೆ ಇನ್ನೂ ಹೆಚ್ಚು. ಟ್ಯಾಂಕ್ ಮುಚ್ಚಳದ ಒಳಗೆ ಬರೆದಿರುವುದನ್ನೇ ನಂಬಿ, ಪಂಪಿನ ಮೇಲಿನ ಹೆಸರನ್ನಲ್ಲ.

ಎತ್ತರದಲ್ಲಿ ಎಂಜಿನ್ನಿಗೂ ಉಸಿರು ಕಟ್ಟುತ್ತದೆ. ಟರ್ಬೋ ಇಲ್ಲದ ಎಂಜಿನ್ ಪ್ರತಿ 1,000 ಅಡಿಗೆ ಸುಮಾರು ನೂರಕ್ಕೆ ಮೂರರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಈಗಿನ ಮಿಯಾಟಾದ 181 ಕುದುರೆಗಳಲ್ಲಿ ಸ್ನೋಯಿ ರೇಂಜ್ ಮೇಲೆ ಐವತ್ತಕ್ಕೂ ಹೆಚ್ಚು ಕಾಣೆಯಾಗಿರುತ್ತವೆ. ನ್ಯೂಜೆರ್ಸಿಯಲ್ಲಿ ಸಲೀಸಾಗಿ ಮಾಡುತ್ತಿದ್ದ ಓವರ್‌ಟೇಕ್ ಇಲ್ಲಿ ಬಹಳ ಉದ್ದ ರಸ್ತೆ ಕೇಳುತ್ತದೆ. ಎರಡು ಲೇನಿನ ರಸ್ತೆಯಲ್ಲಿ ಗೇರ್ ಇಳಿಸಿ, ಮುಂದೆ ಪೂರ್ತಿ ಖಾಲಿ ಕಂಡ ಮೇಲೆ ಮಾತ್ರ ಹೊರಬನ್ನಿ. ಇಳಿಜಾರಿನಲ್ಲೂ ಗೇರೇ ಕಾರನ್ನು ಹಿಡಿಯಲಿ, ಬ್ರೇಕ್ ಬಿಟ್ಟು ಬಿಟ್ಟು ಒತ್ತಿ. ಬ್ರೇಕ್ ದ್ರವ ಹಳೆಯದಾಗಿದ್ದರೆ ಹೊರಡುವ ಮುಂಚೆಯೇ ಬದಲಿಸಿ, ಉದ್ದ ಇಳಿತದಲ್ಲಿ ಅದು ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ.

ನೆವಾಡಾ, ಮತ್ತು ಒಬ್ಬರೇ ಇರುವುದು

ಸಾಲ್ಟ್ ಲೇಕ್ ಸಿಟಿ ದಾಟಿ ಬಾನ್ವಿಲ್ ಉಪ್ಪಿನ ಬಯಲು ಬಂದಾಗ ಕಾರು ಒಳಗೆ ಬಿಡುವ ಆಸೆ ಆಗುತ್ತದೆ. ಉಪ್ಪು ಒದ್ದೆ ಇದ್ದರೆ ಬೇಡ, ಹೂತುಹೋಗುತ್ತೀರಿ. ಒಣಗಿದ್ದಾಗ ಹೋದರೂ ಅದೇ ದಿನ ಅಡಿಭಾಗ ಚೆನ್ನಾಗಿ ತೊಳೆಸಿ, ಉಪ್ಪು ಕಬ್ಬಿಣ ತಿನ್ನುತ್ತದೆ.

ವೆಂಡೋವರ್‌ನಿಂದ ಐ-80 ಬಿಟ್ಟು ದಕ್ಷಿಣಕ್ಕೆ ಇಲೈ ಕಡೆ ತಿರುಗಿ, ಸುಮಾರು 120 ಮೈಲಿ. ಅಲ್ಲಿಂದ ಯುಎಸ್-50. 1986ರಲ್ಲಿ ಲೈಫ್ ಪತ್ರಿಕೆ ಅಮೆರಿಕದ ಅತಿ ಒಂಟಿ ರಸ್ತೆ ಅಂತ ಇದಕ್ಕೆ ಹೆಸರಿಟ್ಟಿತು. ನೆವಾಡಾದವರು ಅದನ್ನೇ ಬೋರ್ಡಿನಲ್ಲಿ ಬರೆದು ಹಾಕಿಕೊಂಡಿದ್ದಾರೆ. ಇಲೈಯಿಂದ ಯುರೇಕಾ 77 ಮೈಲಿ, ಅಲ್ಲಿಂದ ಆಸ್ಟಿನ್ 70, ಆಸ್ಟಿನ್‌ನಿಂದ ಫಾಲನ್ 110. ಒಂದಾದ ಮೇಲೊಂದು ಬೆಟ್ಟದ ಸಾಲು ಹತ್ತಿ ಇಳಿಯುತ್ತೀರಿ, ನಡುವೆ ಉದ್ದನೆ ಬಯಲು. ನನ್ನ ಮಟ್ಟಿಗೆ ಇಡೀ ದಾರಿಯಲ್ಲಿ ಇದಕ್ಕಿಂತ ಚೆನ್ನಾದ ದಿನ ಇಲ್ಲ. ಮಿಯಾಟಾದ ಟ್ಯಾಂಕ್ 11.9 ಗ್ಯಾಲನ್, ತುಂಬಿದರೆ 350 ಮೈಲಿಗೆ ಮೋಸವಿಲ್ಲ. ಆದರೂ ಅರ್ಧಕ್ಕೆ ಇಳಿದ ಕೂಡಲೇ ತುಂಬಿಸಿ, ಮುಂದಿನ ಊರಿನ ಪಂಪ್ ಕೆಟ್ಟಿರಬಹುದು. ಬೇಲಿ ಇಲ್ಲದ ಕಡೆ ದನಗಳು ರಸ್ತೆ ಮೇಲೆ ನಿಂತಿರುತ್ತವೆ. ದಿಬ್ಬದ ತುದಿಯಲ್ಲಿ ವೇಗ ಇಳಿಸಿ.

ಇಲ್ಲಿ ಫೋನ್ ಸಿಗ್ನಲ್ ಗಂಟೆಗಟ್ಟಲೆ ಇರುವುದಿಲ್ಲ. ಮ್ಯಾಪ್ ಮೊದಲೇ ಇಳಿಸಿಟ್ಟುಕೊಳ್ಳಿ. ಐಫೋನ್ 14 ಅಥವಾ ಆಮೇಲಿನದಾದರೆ ಉಪಗ್ರಹದ ಮೂಲಕ ತುರ್ತು ಸಂದೇಶ ಹೋಗುತ್ತದೆ, ಅದನ್ನು ಹೇಗೆ ಬಳಸುವುದು ಅಂತ ಮನೆಯಲ್ಲೇ ನೋಡಿಕೊಂಡಿರಿ. ಒಂದು ಗ್ಯಾಲನ್ ನೀರು, ಒಂದು ದಪ್ಪ ಜಾಕೆಟ್ ಕಾರಿನಲ್ಲಿರಲಿ. ಎಷ್ಟು ಹೊತ್ತಿಗೆ ಯಾವ ಊರು ಸೇರುತ್ತೀರಿ ಅಂತ ಬೆಳಗ್ಗೆ ಒಬ್ಬರಿಗೆ ಹೇಳಿ, ಸೇರಿದ ಮೇಲೆ ಮೆಸೇಜ್ ಹಾಕಿ. ಊರಲ್ಲಿರುವ ಅಮ್ಮನಿಗೆ ಈ ಕೆಲಸ ಕೊಡಬೇಡಿ, ನೀವು ಅರ್ಧ ಗಂಟೆ ತಡವಾದರೆ ಅವರು ರಾತ್ರಿಯೆಲ್ಲ ಕೂತಿರುತ್ತಾರೆ, ಸಹಾಯ ಕಳಿಸಲೂ ಆಗುವುದಿಲ್ಲ. ಅಮೆರಿಕದಲ್ಲೇ ಇರುವ ಗೆಳೆಯರೊಬ್ಬರು ಸರಿ.

ಖಾಲಿ ರಸ್ತೆ, ಕೆಂಪು ಕಾರು, ಪೊಲೀಸರ ಕಣ್ಣಿಗೆ ಬೀಳುವುದು ಸುಲಭ. ನಿಲ್ಲಿಸಿದರೆ ಬಲಕ್ಕೆ ತೆಗೆದು ಎಂಜಿನ್ ಆರಿಸಿ, ಕೈ ಎರಡೂ ಸ್ಟಿಯರಿಂಗ್ ಮೇಲೆ, ಕಾರಿನಿಂದ ಇಳಿಯಬೇಡಿ. ಲೈಸೆನ್ಸ್ ಎಲ್ಲಿದೆ ಅಂತ ಹೇಳಿ, ಆಮೇಲೆ ಕೈ ಹಾಕಿ. ಹೊಸ ಮಿಯಾಟಾದಲ್ಲಿ ಗ್ಲೋವ್ ಬಾಕ್ಸ್ ಇಲ್ಲ, ಕಾಗದ ಸೀಟಿನ ಹಿಂದಿನ ಗೂಡಿನಲ್ಲಿರುತ್ತದೆ. ಬೆನ್ನ ಹಿಂದೆ ಕೈ ಹಾಕುವ ಮುಂಚೆ ಹೇಳುವುದು ಇನ್ನೂ ಮುಖ್ಯ. ವೀಸಾ ಮೇಲಿದ್ದವರು ಐ-94 (ದೇಶದೊಳಗೆ ಬಂದ ದಾಖಲೆ), ಐ-797 (ವೀಸಾ ಅರ್ಜಿಯ ಮಂಜೂರಾತಿ ಪತ್ರ) ಜೊತೆಗಿಟ್ಟುಕೊಳ್ಳಿ, ಗ್ರೀನ್ ಕಾರ್ಡಿನವರು ಕಾರ್ಡನ್ನೇ. ಪಾರ್ಸೆಲ್ ಹಾಕಿದ ಪೆಟ್ಟಿಗೆಯಲ್ಲಿ ಇವು ಸೇರಿಹೋಗದ ಹಾಗೆ ನೋಡಿಕೊಳ್ಳಿ.

ಕೊನೆಯ ದಿನ ಕಾರ್ಸನ್ ಸಿಟಿಯಿಂದ ಮಿಂಡನ್‌ಗೆ ಬಂದು ಕ್ಯಾಲಿಫೋರ್ನಿಯಾ 88 ಹೆದ್ದಾರಿ ಹಿಡಿಯಿರಿ. ಕಾರ್ಸನ್ ಘಾಟಿ 8,574 ಅಡಿ, ಅಗಲವಾದ ಒಳ್ಳೆಯ ತಿರುವುಗಳು, ಐ-80ರ ಡಾನರ್ ಘಾಟಿ ಕಡೆಯ ಟ್ರಕ್ ಸಾಲು ಇಲ್ಲ. ಬೆಳಗ್ಗೆಯೇ ಹೊರಟು ಟಾಪ್ ತೆಗೆಯಿರಿ. ಜಾಕ್ಸನ್ ದಾಟಿ ಕಣಿವೆಗೆ ಇಳಿದ ಮೇಲೆ ಸೆಖೆ, ಟ್ರಾಫಿಕ್, ಅಲ್ಲಿ ಮುಚ್ಚಿದರಾಯಿತು.

ಬಂದು ಇಳಿದ ವಾರದಲ್ಲೇ ಆಯಿಲ್ ಬದಲಿಸಿ, ಟೈರುಗಳ ಒಳಗಿನ ಅಂಚು ನೋಡಿಸಿ, ಅಲೈನ್‌ಮೆಂಟ್ ಹೋಗಿದ್ದರೆ ಸವೆತ ಮೊದಲು ಕಾಣುವುದು ಅಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಮೇಲೆ ಲೈಸೆನ್ಸಿಗೆ 10 ದಿನ, ಕಾರಿನ ನೋಂದಣಿಗೆ 20 ದಿನ ಗಡುವು. ಇವೆರಡನ್ನೂ ಮಾಡಿಕೊಡುವ ಸರ್ಕಾರಿ ಕಚೇರಿ ಡಿಎಂವಿಯ ಅಪಾಯಿಂಟ್‌ಮೆಂಟ್ ಬೇಗ ಸಿಗುವುದಿಲ್ಲ, ದಾರಿಯಲ್ಲಿ ಇಲೈ ಮೋಟೆಲಿನಲ್ಲಿ ಕೂತಾಗಲೇ ಬುಕ್ ಮಾಡಿಬಿಡಿ.