ಕಿರಿಯರ ಮೂಲ ವೇತನ ನಿಮ್ಮದನ್ನು ದಾಟಿದರೆ: ತಪ್ಪು ಹುಡುಕುವುದು, ಮನವಿ ಸಲ್ಲಿಸುವುದು ಹೇಗೆ?

ನೀವು ರಾಜ್ಯ ಸರ್ಕಾರಿ ನೌಕರರಾಗಿದ್ದು, ವೇತನ ಪರಿಷ್ಕರಣೆಯೋ ಮುಂಬಡ್ತಿಯೋ ಆದ ಮೇಲೆ ಸೇವೆಯಲ್ಲಿ ನಿಮಗಿಂತ ಕಿರಿಯರ ಮೂಲ ವೇತನ ನಿಮ್ಮದಕ್ಕಿಂತ ಹೆಚ್ಚಾಗಿ ಕಂಡರೆ, ಮನವಿ ಬರೆಯುವ ಮೊದಲು ಲೆಕ್ಕಕ್ಕೆ ಕೂರಿ. ಇಂಥ ವ್ಯತ್ಯಾಸಗಳಲ್ಲಿ ಕೆಲವು ಕಚೇರಿಯ ತಪ್ಪು, ಕೆಲವು ನಿಯಮದಿಂದಲೇ ಹುಟ್ಟಿದವು, ಕೆಲವು ನ್ಯಾಯವಾದವೇ. ನಿಮ್ಮದು ಯಾವುದೆಂದು ತಿಳಿಯದೆ ಬರೆದ ಮನವಿಗೆ ಒಂದು ಸಾಲಿನ ಹಿಂಬರಹ (ಕಚೇರಿಯ ಲಿಖಿತ ನಿರಾಕರಣೆ) ಬರುತ್ತದೆ, ಅಷ್ಟೇ.

ಮೊದಲು ನಿಮ್ಮದೇ ವೇತನ ನಿಗದಿ ನೋಡಿ. ಕರ್ನಾಟಕದ 7ನೇ ವೇತನ ಆಯೋಗದ ಪರಿಷ್ಕರಣೆಯಲ್ಲಿ 1-7-2022ರಂದು ಇದ್ದ ಮೂಲ ವೇತನಕ್ಕೆ ಶೇ 31 ತುಟ್ಟಿಭತ್ಯೆ, ಶೇ 27.5 ಫಿಟ್‌ಮೆಂಟ್ (ಪರಿಷ್ಕರಣೆಯಲ್ಲಿ ಕೊಡುವ ಹೆಚ್ಚಳ) ಕೂಡಿಸಿ, ಹೊಸ ಶ್ರೇಣಿಯ ಮುಂದಿನ ಹಂತಕ್ಕೆ ನಿಗದಿ ಮಾಡಬೇಕು. 17,000 ರೂಪಾಯಿಗೆ 5,270 ಮತ್ತು 4,675 ಸೇರಿದರೆ 26,945, ನಿಗದಿಯಾಗುವುದು 27,000. ಎರಡೂ ಶೇಕಡಾವಾರನ್ನು ಹಳೆಯ ಮೂಲ ವೇತನದ ಮೇಲೆಯೇ ಲೆಕ್ಕ ಹಾಕಬೇಕು. ತುಟ್ಟಿಭತ್ಯೆ ಸೇರಿಸಿದ ಮೊತ್ತದ ಮೇಲೆ ಫಿಟ್‌ಮೆಂಟ್ ಹಾಕಿದರೆ ಲೆಕ್ಕ ಹಿಗ್ಗುತ್ತದೆ. ಹೊಸ ವೇತನದ ಹಣ 1-8-2024ರಿಂದ. ಅದಕ್ಕೂ ಹಿಂದಿನ 25 ತಿಂಗಳು ಕಾಲ್ಪನಿಕ ನಿಗದಿ ಮಾತ್ರ, ಬಾಕಿ ಇಲ್ಲ. ಆದರೆ ಆ ನಡುವೆ ಬಂದ ವಾರ್ಷಿಕ ವೇತನ ಬಡ್ತಿ, ಮುಂಬಡ್ತಿ ಎಲ್ಲವನ್ನೂ ಹೊಸ ಶ್ರೇಣಿಯಲ್ಲಿ ದಿನಾಂಕದ ಕ್ರಮದಲ್ಲೇ ಸೇರಿಸುತ್ತ ಬರಬೇಕು. ಒಂದು ಬಿಟ್ಟುಹೋದರೆ ಮುಂದಿನ ಪ್ರತಿ ಹಂತವೂ ತಪ್ಪಾಗುತ್ತದೆ.

ನಿಮ್ಮ ನಿಗದಿ ಸರಿಯಿದ್ದೂ ಕಿರಿಯರದು ಹೆಚ್ಚಿದ್ದರೆ, ಆಗ ಸ್ಟೆಪಿಂಗ್ ಅಪ್, ಅಂದರೆ ನಿಮ್ಮ ವೇತನವನ್ನು ಕಿರಿಯರ ಮಟ್ಟಕ್ಕೆ ಏರಿಸುವಂತೆ ಕೇಳುವ ಪ್ರಶ್ನೆ ಬರುತ್ತದೆ. ಇಬ್ಬರೂ ಒಂದೇ ವೃಂದದವರಾಗಿದ್ದು ಒಂದೇ ಹುದ್ದೆಗೆ ಮುಂಬಡ್ತಿ ಪಡೆದಿರಬೇಕು. ಕೆಳಗಿನ ಮತ್ತು ಮೇಲಿನ ಎರಡೂ ಹುದ್ದೆಗಳ ವೇತನ ಶ್ರೇಣಿ ಇಬ್ಬರಿಗೂ ಒಂದೇ ಆಗಿರಬೇಕು. ವ್ಯತ್ಯಾಸ ನೇರವಾಗಿ ವೇತನ ನಿಗದಿ ನಿಯಮದಿಂದಲೇ ಬಂದಿರಬೇಕು. ಹೆಚ್ಚಿನ ಮನವಿಗಳು ಬೀಳುವುದು ಈ ಕೊನೆಯ ಷರತ್ತಿನಲ್ಲಿ. ಕಿರಿಯರು ಕೆಳಗಿನ ಹುದ್ದೆಯಲ್ಲೇ ವಿಶೇಷ ವೇತನ ಬಡ್ತಿ ಪಡೆದು ಮುಂದಿದ್ದರೆ, ಅಥವಾ ವೇತನರಹಿತ ರಜೆ, ದಂಡನೆಯ ಕಾರಣಕ್ಕೆ ನಿಮ್ಮ ವೇತನ ಬಡ್ತಿ ಮುಂದೆ ಹೋಗಿದ್ದರೆ, ವ್ಯತ್ಯಾಸ ನೋವು ಕೊಟ್ಟರೂ ಅದು ವೈಪರೀತ್ಯವಲ್ಲ.

ಹೋಲಿಸಲು ದಾಖಲೆ ಬೇಕು. ಸಹೋದ್ಯೋಗಿಯ ಸೇವಾ ಪುಸ್ತಕದ ಪ್ರತಿ ಕೇಳಿದರೆ ವೈಯಕ್ತಿಕ ಮಾಹಿತಿ ಎಂದು ನಿರಾಕರಿಸಬಹುದು. ಆದರೆ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಪ್ರಕಾರ ಪ್ರತಿ ನೌಕರರ ಮಾಸಿಕ ಸಂಬಳವನ್ನು ಕಚೇರಿ ತಾನಾಗಿಯೇ ಪ್ರಕಟಿಸಬೇಕು, ಅದನ್ನೇ ಕೇಳಿ. ಜೊತೆಗೆ ಅಂತಿಮ ಜ್ಯೇಷ್ಠತಾ ಪಟ್ಟಿ, ಮುಂಬಡ್ತಿ ಆದೇಶ, ನಿಮ್ಮ ವೇತನ ನಿಗದಿ ತಖ್ತೆ ಇಟ್ಟುಕೊಳ್ಳಿ.

ಮನವಿ ಒಂದೂವರೆ ಪುಟ ಮೀರದಿರಲಿ. ಇಬ್ಬರ ಸೇವೆಗೆ ಸೇರಿದ ದಿನ, ಮುಂಬಡ್ತಿ ದಿನ, ಪ್ರತಿ ಬದಲಾವಣೆಯ ಮೂಲ ವೇತನವನ್ನು ಅಕ್ಕಪಕ್ಕದ ಅಂಕಣಗಳಲ್ಲಿ ಬರೆದು, ಯಾವ ದಿನಾಂಕದಿಂದ ಎಷ್ಟು ರೂಪಾಯಿಗೆ ಏರಿಸಬೇಕೆಂದು ಸ್ಪಷ್ಟವಾಗಿ ಕೇಳಿ. ‘ಅನ್ಯಾಯವಾಗಿದೆ, ಸರಿಪಡಿಸಿ’ ಎಂದಷ್ಟೇ ಬರೆದರೆ ಕಡತ ಮುಂದೆ ಸಾಗದು. ಸ್ವೀಕೃತಿಯ ಮೊಹರು, ದಿನಾಂಕ ಇಲ್ಲದೆ ಕೌಂಟರ್ ಬಿಡಬೇಡಿ, ಏಕೆಂದರೆ ಕಾಲಮಿತಿ ಅಲ್ಲಿಂದಲೇ ಎಣಿಕೆಯಾಗುತ್ತದೆ: 6 ತಿಂಗಳು ಉತ್ತರವಿಲ್ಲದಿದ್ದರೆ ಅದು ಮುಗಿದು 1 ವರ್ಷದೊಳಗೆ, ಹಿಂಬರಹ ಬಂದಿದ್ದರೆ ಅದು ಹೊರಡಿಸಿದ ದಿನಾಂಕದಿಂದ 1 ವರ್ಷದೊಳಗೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗಬೇಕು. ಮತ್ತೆ ಮತ್ತೆ ಮನವಿ ಕೊಟ್ಟರೆ ಈ ಗಡುವು ಹಿಗ್ಗುವುದಿಲ್ಲ. ಈ ತಿಳಿವಳಿಕೆ ಇಲ್ಲದೆ ಒಳ್ಳೆಯ ಪ್ರಕರಣಗಳೂ ಸೋಲುವುದು ನಿಜಕ್ಕೂ ಬೇಸರದ ಸಂಗತಿ.

ಆದರೆ ಗಡುವು ದಾಟಿದರೂ ಒಂದು ದಾರಿ ಇದೆ: ತಪ್ಪು ವೇತನ ನಿಗದಿ ತಿಂಗಳು ತಿಂಗಳೂ ಮರುಕಳಿಸುವ ತಪ್ಪು ಎಂದು 1995ರ ಎಂ.ಆರ್. ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಡವಾದರೂ ಸರಿಯಾದ ನಿಗದಿ ಕೇಳಬಹುದು, ಕಾಲಮಿತಿ ಮೀರಿದ ಹಳೆಯ ಬಾಕಿ ಮಾತ್ರ ಕಳೆದುಹೋಗುತ್ತದೆ. ಜ್ಯೇಷ್ಠತೆಗೆ ಈ ರಿಯಾಯಿತಿ ಇಲ್ಲ. ಆದ್ದರಿಂದ ತಾತ್ಕಾಲಿಕ ಜ್ಯೇಷ್ಠತಾ ಪಟ್ಟಿ ಹೊರಬಿದ್ದಾಗಲೇ ನಿಮ್ಮ ಹೆಸರು, ಸೇವೆಗೆ ಸೇರಿದ ದಿನ, ಇಲಾಖಾ ಪರೀಕ್ಷೆಯ ನಮೂದು ನೋಡಿ, ತಪ್ಪಿದ್ದರೆ ಅದರಲ್ಲಿ ಕೊಟ್ಟ ಗಡುವಿನೊಳಗೆ ಆಕ್ಷೇಪಣೆ ಸಲ್ಲಿಸಿ. ನ್ಯಾಯಮಂಡಳಿಯಲ್ಲಿ ಪಟ್ಟಿಯನ್ನು ಪ್ರಶ್ನಿಸುವಾಗ, ಅದು ಬದಲಾದರೆ ಕೆಳಗಿಳಿಯುವ ಸಹೋದ್ಯೋಗಿಗಳನ್ನೂ ಪ್ರತಿವಾದಿಗಳನ್ನಾಗಿ ಸೇರಿಸಬೇಕು.