ಜೀನ್ ಪರೀಕ್ಷೆ ಮಾಡಿಸಿಕೊಂಡ ಹಿರಿಯ ಓಟಗಾರನ ಅನುಭವ

ಮಾಸ್ಟರ್ಸ್ ಅಥ್ಲೆಟಿಕ್ಸ್‌ನಲ್ಲಿ 35 ದಾಟಿದವರಿಗೆ ಐದೈದು ವರ್ಷಕ್ಕೊಂದು ವಿಭಾಗ ಇರುತ್ತದೆ. ನಾನೀಗ 60ರಿಂದ 64ರ ವಿಭಾಗದಲ್ಲಿ 5,000 ಮೀಟರ್ ಓಡುತ್ತೇನೆ. ಬೆಳಗಿನ ಅಭ್ಯಾಸ ದಾವಣಗೆರೆಯ ಕುಂದುವಾಡ ಕೆರೆ ಹತ್ತಿರ. ಓಟ ಮುಗಿಸಿ ಕೂತರೆ ನಮ್ಮ ವಯಸ್ಸಿನವರ ಮಾತೆಲ್ಲ ಮಂಡಿ, ಬಿಪಿ, ಶುಗರ್. ಈಚೆಗೆ ಜೀನ್ ಪರೀಕ್ಷೆಯೂ ಸೇರಿಕೊಂಡಿದೆ. ನಾನು ಮಾಡಿಸಿದ್ದೇನೆ ಅಂತ ಗೊತ್ತಾದ ಮೇಲೆ ಕೇಳುವವರು ಜಾಸ್ತಿಯಾಗಿದ್ದಾರೆ. ಅವರಿಗೆ ಹೇಳುವುದನ್ನೇ ಇಲ್ಲೂ ಬರೆಯುತ್ತೇನೆ.

ನಾನು ಮಾಡಿಸಿದ್ದು ಓಟಕ್ಕಾಗಿ ಅಲ್ಲ, ಮನೆತನದ ಕಾರಣಕ್ಕೆ. ಅಣ್ಣನಿಗೆ ಐವತ್ತು ತುಂಬುವ ಮೊದಲೇ ಹಾರ್ಟ್ ಅಟ್ಯಾಕ್ ಆಗಿತ್ತು. ಅಪ್ಪನಿಗೆ ಕೊನೆಗಾಲದಲ್ಲಿ ಮರೆವು. ಎಪ್ಪತ್ತರ ನಂತರವೂ ಓಡಬೇಕು ಅನ್ನುವವನಿಗೆ ಇವೆರಡೂ ತಲೆಯಲ್ಲಿ ಕೂತಿರುತ್ತವೆ ಅಲ್ವಾ?

ಪರೀಕ್ಷೆ ಮಾಡುವ ಕಂಪನಿಗೆ ಕೊಡಬೇಕಾದ್ದು ಬರೀ ಉಗುಳು, ಅದೂ ಅವರದೇ ಕೊಳವೆಯಲ್ಲಿ. ಅರ್ಧ ಗಂಟೆ ಮೊದಲಿಂದ ಟೀ, ತಿಂಡಿ ಏನೂ ಬೇಡ. ಓಡಿ ಬಂದ ತಕ್ಷಣ ಕೂತರೆ ಬಾಯಿ ಒಣಗಿರುತ್ತದೆ, ಸಂಜೆ ಕೂರುವುದು ಒಳ್ಳೆಯದು. ಕೊಳವೆಯ ಗೆರೆ ಮುಟ್ಟಬೇಕಾದ್ದು ಉಗುಳು, ನೊರೆ ಲೆಕ್ಕಕ್ಕಿಲ್ಲ.

ವರದಿಯಲ್ಲಿ ಮೊದಲು ಬಂದದ್ದು ಕ್ರೀಡೆಯ ಪುಟಗಳು. ಅದರಲ್ಲಿ ಎಸಿಟಿಎನ್3 ಅನ್ನುವ ಜೀನ್‌ಗೇ ದೊಡ್ಡ ಜಾಗ. ವೇಗದ ಸ್ನಾಯುಗಳಿಗೆ ಬೇಕಾದ ಒಂದು ಪ್ರೋಟೀನ್ ಇದರಿಂದ ತಯಾರಾಗುತ್ತದೆ. ಆದರೆ ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು ಜನರಲ್ಲಿ ಆ ಪ್ರೋಟೀನ್ ಇಲ್ಲವೇ ಇಲ್ಲ, ಅವರೆಲ್ಲ ಆರಾಮಾಗಿ ಓಡಾಡಿಕೊಂಡಿದ್ದಾರೆ. ಅದಿಲ್ಲದ ಸ್ಪೇನ್‌ನ ಲಾಂಗ್ ಜಂಪ್ ಆಟಗಾರನೊಬ್ಬ ಒಲಿಂಪಿಕ್ಸ್‌ವರೆಗೂ ಹೋಗಿದ್ದ. ಇಂಥ ಪರೀಕ್ಷೆ ನೋಡಿ ತರಬೇತಿ ನಿರ್ಧರಿಸಬೇಡಿ ಅಂತ ಕ್ರೀಡಾ ವೈದ್ಯ ತಜ್ಞರು 2015ರಲ್ಲೇ ಒಟ್ಟಾಗಿ ಹೇಳಿದ್ದಾರೆ. ನಾನೂ ನನ್ನ ಅಭ್ಯಾಸದಲ್ಲಿ ಏನೂ ಬದಲಿಸಲಿಲ್ಲ.

ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಔಷಧಿಯ ಪುಟ. ಕೊಲೆಸ್ಟ್ರಾಲ್ ಇಳಿಸಲು ಸ್ಟಾಟಿನ್ ಅನ್ನುವ ಗುಂಪಿನ ಮಾತ್ರೆಗಳಿವೆ, ಅದರಲ್ಲಿ ಅಟೋರ್ವಾಸ್ಟಾಟಿನ್ ತಗೊಳ್ತಿದ್ದೆ. ತೊಡೆ ಎರಡೂ ನೋಯುತ್ತಿದ್ದವು. ಅದು ಓಟದ ನೋವೋ, ಮಾತ್ರೆಯದೋ ಗೊತ್ತಾಗುತ್ತಿರಲಿಲ್ಲ. ರಕ್ತದಲ್ಲಿರುವ ಸ್ಟಾಟಿನ್ ಮಾತ್ರೆಯ ಅಂಶವನ್ನು ಲಿವರ್ ಒಳಗೆ ಎಳೆದುಕೊಳ್ಳುವ ಒಂದು ಪ್ರೋಟೀನ್ ಇದೆ. ಅದರ ಜೀನ್ ಹೆಸರು ಎಸ್ಎಲ್‌ಸಿಓ1ಬಿ1. ಕೆಲವರಲ್ಲಿ ಇದರ ಕೆಲಸ ನಿಧಾನ. ಆಗ ಮಾತ್ರೆಯ ಅಂಶ ರಕ್ತದಲ್ಲೇ ಜಾಸ್ತಿ ಹೊತ್ತು ಉಳಿದು ಸ್ನಾಯುಗಳಿಗೆ ತೊಂದರೆ ಕೊಡಬಹುದು. ಸಿಮ್ವಾಸ್ಟಾಟಿನ್ ಅನ್ನುವ ಮಾತ್ರೆಯಲ್ಲಿ ಇದು ಬಹಳ ಸ್ಪಷ್ಟ, ಬೇರೆ ಸ್ಟಾಟಿನ್‌ಗಳಲ್ಲಿ ಅದಕ್ಕಿಂತ ಕಡಿಮೆ. ಈ ಜೀನ್‌ನ ಎರಡು ಪ್ರತಿ ಇರುತ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ನನ್ನಲ್ಲಿ ಅದರಲ್ಲೊಂದು ನಿಧಾನದ್ದು.

ವರದಿ ಹಿಡಿದು ವೈದ್ಯರ ಹತ್ತಿರ ಹೋದೆ. ಅವರು ಮಾತ್ರೆ ನಿಲ್ಲಿಸಲಿಲ್ಲ. ಮೊದಲು ಸಿಕೆ ಅನ್ನುವ ರಕ್ತ ಪರೀಕ್ಷೆ ಬರೆದುಕೊಟ್ಟರು. ಸ್ನಾಯುಗಳಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಅಂಶ ಅದು. "ಸರ್, ಕೆಲವು ದಿನ ಓಡಬೇಡಿ, ಆಮೇಲೆ ರಕ್ತ ಕೊಡಿ" ಅಂದರು. ಜೋರಾಗಿ ಓಡಿದರೂ ಸಿಕೆ ಏರುತ್ತದೆ, ಮಾತ್ರೆಯಿಂದಲೂ ಏರಬಹುದು. ಓಡುವವರು ಇದನ್ನು ಲ್ಯಾಬ್‌ಗೆ ಹೋಗುವ ಮೊದಲೇ ವೈದ್ಯರಿಗೆ ಹೇಳಲೇಬೇಕು. ಆಮೇಲೆ ಕಡಿಮೆ ಡೋಸ್‌ನ ರೋಸುವಾಸ್ಟಾಟಿನ್‌ಗೆ ಬದಲಿಸಿದರು. ನೋವು ಇಳಿಯಿತು, ಕೊಲೆಸ್ಟ್ರಾಲ್ ಹತೋಟಿಯಲ್ಲಿದೆ. ನೀವಾಗೇ ಮಾತ್ರೆ ಬಿಡಬೇಡಿ, ದಯವಿಟ್ಟು.

ಅಣ್ಣನ ವಿಷಯ ಹೇಳಿದಾಗ ವೈದ್ಯರು ಹೃದಯದ ಜೀನ್ ಪುಟ ಪಕ್ಕಕ್ಕಿಟ್ಟು ಎಲ್‌ಪಿ-ಎ ರಕ್ತ ಪರೀಕ್ಷೆ ಮಾಡಿಸಿದರು. ಎಲ್‌ಪಿ-ಎ ಅಂದರೆ ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ತಿರುಗುವ ಒಂದು ಕಣ, ಜಾಸ್ತಿ ಇದ್ದರೆ ಹಾರ್ಟ್ ಅಟ್ಯಾಕ್ ಅಪಾಯ ಹೆಚ್ಚು. ಅದರ ಮಟ್ಟ ಹೆಚ್ಚುಕಡಿಮೆ ಪೂರ್ತಿ ಹುಟ್ಟಿನಿಂದಲೇ ಬರುತ್ತದೆ. ಊಟ, ಓಟದಿಂದ ಹೆಚ್ಚೇನೂ ಬದಲಾಗದು, ಹಾಗಾಗಿ ಸಾಮಾನ್ಯವಾಗಿ ಜೀವನದಲ್ಲಿ ಒಮ್ಮೆ ನೋಡಿಸಿದರೆ ಸಾಕು. ನನ್ನದು ಜಾಸ್ತಿಯೇ ಬಂತು. ಜೊತೆಗೆ ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡಿಸಿದೆವು, ಹೃದಯ ಚೆನ್ನಾಗಿದೆ. ಎಕೋ ಬಗ್ಗೆ ನಾನು ಒತ್ತಿ ಹೇಳಲು ಕಾರಣ ಇದೆ. ನಮ್ಮ ಉಪಖಂಡದ ಸುಮಾರು 4% ಜನರಲ್ಲಿ ಎಂವೈಬಿಪಿಸಿ3 ಜೀನ್‌ನ ಒಂದು ತುಣುಕು ಇರುವುದಿಲ್ಲ. ಇದಕ್ಕೂ ಹೃದಯ ಸ್ನಾಯುವಿನ ಕಾಯಿಲೆಗೂ ನಂಟು ಇದೆ ಅಂತ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳಿದ್ದ ತಂಡ 2009ರಲ್ಲಿ ತೋರಿಸಿತು. ಆ ತುಣುಕು ಇಲ್ಲದವರಿಗೆಲ್ಲ ಕಾಯಿಲೆ ಬರುತ್ತದೆ ಅಂತಲ್ಲ. ಆದರೂ ಈ ವಯಸ್ಸಿನಲ್ಲಿ ಸ್ಪರ್ಧೆಗೆ ಇಳಿಯುವವರು ಹೃದಯ ತೋರಿಸಿಕೊಂಡೇ ಇಳಿಯಬೇಕು.

ಒಂದು ಪುಟ ಮಾತ್ರ ನಾನು ತೆರೆಯಲಿಲ್ಲ. ಅದು ಎಪಿಓಇ, ಮರೆವಿನ ಕಾಯಿಲೆಯ ಅಪಾಯ ಹೇಳುವ ಜೀನ್. ನೋಡಬೇಕೋ ಬೇಡವೋ ಅಂತ ಕಂಪನಿಯವರೇ ಮೊದಲು ಕೇಳುತ್ತಾರೆ. ಹೆಂಡತಿ, ಮಗಳ ಜೊತೆ ಕೂತು ಮಾತಾಡಿದೆ. ಅಪಾಯ ಜಾಸ್ತಿ ಅಂತ ಬಂದರೆ ಮಾಡಬೇಕಾದ್ದು ಓಟ, ನಿದ್ದೆ, ಬಿಪಿ ಹತೋಟಿ. ಅವನ್ನು ಈಗಲೇ ಮಾಡುತ್ತಿದ್ದೇನೆ. ಮೇಲಾಗಿ ನನ್ನ ಫಲಿತಾಂಶದಲ್ಲಿ ಮಗಳದ್ದೂ ಅರ್ಧ ಇರುತ್ತದೆ. ಅವಳು "ಬೇಡಪ್ಪಾ" ಅಂದಳು. ಅಲ್ಲಿಗೇ ಬಿಟ್ಟೆವು.

ವರದಿ ಬಂದ ಮೇಲೆ ನನ್ನ ಜೀನ್‌ಗಳ ಕಚ್ಚಾ ಮಾಹಿತಿಯ ಫೈಲ್ ಇಳಿಸಿಕೊಂಡು, ಉಗುಳಿನ ಮಾದರಿ, ಮಾಹಿತಿ ಎರಡನ್ನೂ ಅಳಿಸಿ ಅಂತ ಕಂಪನಿಗೆ ಬರೆದೆ. 2023ರಲ್ಲಿ ಅಮೆರಿಕದ 23ಆಂಡ್‌ಮಿ ಅನ್ನುವ ಜೀನ್ ಪರೀಕ್ಷೆಯ ಕಂಪನಿಯಿಂದ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿತ್ತು. 2025ರಲ್ಲಿ ಅದು ದಿವಾಳಿ ಅರ್ಜಿಯನ್ನೂ ಹಾಕಿತು. ನೀವು ಮಾಡಿಸಿದರೆ ಈ ಕೆಲಸ ಮುಂದಕ್ಕೆ ಹಾಕಬೇಡಿ.

ಎಲ್‌ಪಿ-ಎ ವಿಷಯ ಮಾತ್ರ ಮನೆಯವರಿಗೆಲ್ಲ ಹೇಳಿದ್ದೇನೆ. ಅಣ್ಣ ಮಾಡಿಸಿದ್ದಾನೆ, ಅವನದೂ ಜಾಸ್ತಿ ಇದೆ. ಈ ಸಲ ಹಬ್ಬಕ್ಕೆ ಊರಿಗೆ ಬಂದಾಗ ಅವನ ಮಕ್ಕಳೂ ನನ್ನ ಮಗಳೂ ಒಟ್ಟಿಗೇ ಹೋಗಿ ರಕ್ತ ಕೊಟ್ಟು ಬರುತ್ತಾರೆ.